ಒಂದೇ ಮುಳ್ಳಿನ ಹಿತ್ತಾಳೆ ಲ್ಯಾಂಟರ್ನ್ ಗಡಿಯಾರ: ಹಗ್ಗ ಜಾರುತ್ತೆ, ಗಂಟೆ ತಪ್ಪು ಹೊಡೆಯುತ್ತೆ

ಲಕ್ಷ್ಮೀಪುರಂ_ಮೈಸೂರು:
ಇಂಗ್ಲಿಷ್ ಲ್ಯಾಂಟರ್ನ್ ಗಡಿಯಾರದ ಬಗ್ಗೆ ತಿಳಿದವರು ಸ್ವಲ್ಪ ಹೇಳಿ. ಎತ್ತರ ಹದಿನೈದೂವರೆ ಇಂಚು. ನಾಲ್ಕು ಮೂಲೆಗೆ ನಾಲ್ಕು ಕಂಬ, ತಲೆ ಮೇಲೆ ಬಟ್ಟಲಿನಂಥ ಗಂಟೆ, ಎದುರಿಗೆ ಡಾಲ್ಫಿನ್ ಮೀನಿನ ಜಾಲರಿ. ಡಯಲ್‌ನಲ್ಲಿ ರೋಮನ್ ಅಂಕಿ, ಮುಳ್ಳು ಒಂದೇ. ಇನ್ನೊಂದು ಕಳೆದುಹೋಗಿದೆಯಾ? ಹಿಂದೆ ಉದ್ದ ಪೆಂಡುಲಂ ಇದೆ, ಕೆಳಗೆ ಹಗ್ಗದ ಕುಣಿಕೆಯಲ್ಲಿ ಒಂದು ಸೀಸದ ಗುಂಡು ನೇತಾಡುತ್ತೆ. ಎಡಗಡೆ ಜಾಲರಿ ಇಲ್ಲ, ಸ್ಕ್ರೂ ತೂತು ಮಾತ್ರ ಉಳಿದಿದೆ. ಹಗ್ಗ ಆಗಾಗ ಸರಕ್ಕನೆ ಜಾರುತ್ತೆ, ಮೂರಕ್ಕೆ ಐದು ಹೊಡೆಯುತ್ತೆ. ಇದು ನಿಜವಾಗಲೂ ಹಳೆಯದಾ? ಆಯುಧಪೂಜೆಗೆ ಮುಂಚೆ ಹುಣಸೆಹಣ್ಣು ಹಾಕಿ ಬೆಳಗಬಹುದಾ?

ಹಲ್ಲುಚಕ್ರ:
ಹುಣಸೆಹಣ್ಣು ಬೇಡವೇ ಬೇಡ. ದೀಪದ ಕಂಬಕ್ಕೆ ಅದು ಸರಿ, ಇದಕ್ಕಲ್ಲ. ಹುಳಿ ಹಿತ್ತಾಳೆಯಲ್ಲಿರೋ ಸತುವನ್ನು ಮೊದಲು ಕರಗಿಸುತ್ತೆ. ಮೇಲೆ ತಾಮ್ರ ಉಳಿದು ಗುಲಾಬಿ ಕಲೆ ಬೀಳುತ್ತೆ. ಸಂದಿಯಲ್ಲಿ ಕೂತ ಹುಳಿ ಉಕ್ಕಿನ ಅಕ್ಷಗಳಿಗೆ ತುಕ್ಕು ಹಿಡಿಸುತ್ತೆ. ಡಯಲ್ ಉಂಗುರದ ಕೆತ್ತಿದ ಅಂಕಿಗಳಲ್ಲಿ ಕಪ್ಪು ಮೇಣ ತುಂಬಿರುತ್ತೆ, ಎಷ್ಟೋ ಸಲ ಉಂಗುರಕ್ಕೆ ತೆಳ್ಳಗೆ ಬೆಳ್ಳಿ ಲೇಪವೂ ಇರುತ್ತೆ. ತಿಕ್ಕಿದರೆ ಎರಡೂ ಹೋಗುತ್ತವೆ. ಪಾತ್ರೆ ಬೆಳಗೋ ಪುಡಿಗೂ ಇದೇ ಮಾತು. ಅಮೋನಿಯಾ ಬೆರೆತ ಪಾಲಿಶ್ ಇನ್ನೂ ಕೆಟ್ಟದ್ದು. ತಟ್ಟಿ ಗಟ್ಟಿ ಮಾಡಿದ ಹಿತ್ತಾಳೆಯಲ್ಲಿ ಒಳಗೊಳಗೇ ಬಿಗಿತ ಇರುತ್ತೆ, ಅಮೋನಿಯಾ ತಗುಲಿದರೆ ಕೂದಲೆಳೆಯಂಥ ಬಿರುಕು ಬಿಡುತ್ತೆ.

ಸದ್ಯಕ್ಕೆ ಒಣ ಬ್ರಷ್‌ನಿಂದ ಧೂಳು ತೆಗೆದು ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಿ, ಸಾಕು. ಆಯುಧಪೂಜೆಗೆ ಹೂ ಇಡಿ. ಅರಿಶಿನ ಕುಂಕುಮ ಮಾತ್ರ ಡಯಲ್‌ಗೆ ಹಚ್ಚಬೇಡಿ, ಕೆತ್ತನೆಯೊಳಗೆ ಕೂತರೆ ಬಿಡಿಸೋದು ಕಷ್ಟ.

ಎಣ್ಣೆ ವಿಷಯವನ್ನೂ ಹೇಳಿಬಿಡ್ತೀನಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ಮೈಸೂರಿನ ಧನುರ್ಮಾಸದ ಬೆಳಗಿನ ಜಾವಕ್ಕೆ ಗಡಿಯಾರ ನಿಂತೇ ಹೋಗುತ್ತೆ. ಗಡಿಯಾರದ ಎಣ್ಣೆಯನ್ನೇ ತನ್ನಿ, ಪ್ರತಿ ಪಿವಟ್‌ಗೂ (ಅಕ್ಷದ ತುದಿ ತೂತಿನಲ್ಲಿ ತಿರುಗೋ ಜಾಗ) ಸೂಜಿ ಮೊನೆಯಷ್ಟು ಹಾಕಿ. ಚಕ್ರದ ಹಲ್ಲಿಗೆ ಎಣ್ಣೆ ಹಾಕಲೇಬಾರದು. ಧೂಳು ಅಂಟಿ ಮರಳುಕಾಗದದ ಹಾಗೆ ಉಜ್ಜಿ ಉಕ್ಕಿನ ಪಿನಿಯನ್ (ಪುಟ್ಟ ಹಲ್ಲುಚಕ್ರ) ಸವೆಸುತ್ತೆ.

ಹಳೇ_ಲೋಲಕ:
ಮುಳ್ಳು ಕಳೆದಿಲ್ಲ. ಈ ಜಾತಿಯ ಗಡಿಯಾರಕ್ಕೆ ಒಂದೇ ಮುಳ್ಳು. ಉಂಗುರದ ಒಳಅಂಚು ನೋಡಿ: ಗಂಟೆ ಗಂಟೆಯ ನಡುವೆ ನಾಲ್ಕು ಮನೆ, ಒಟ್ಟು 48. ಒಂದು ಮನೆಗೆ ಕಾಲು ಗಂಟೆ. ಅರ್ಧ ಗಂಟೆಗೆ ಮೂರೆಸಳಿನ ಹೂವಿನ ಗುರುತು ಇರುತ್ತೆ. ಮುಳ್ಳಿನ ಮೊನೆ ಮನೆಯೊಳಗೆ ಎಲ್ಲಿದೆ ಅಂತ ನೋಡಿದರೆ ಐದು ನಿಮಿಷದ ಆಸುಪಾಸಿಗೆ ಹೊತ್ತು ಹೇಳಬಹುದು. ಹೊರಅಂಚಿನಲ್ಲಿ 60 ನಿಮಿಷದ ಗೆರೆ ಇದ್ದು ಎರಡು ಮುಳ್ಳಿದ್ದರೆ, ಅಥವಾ ಡಯಲ್‌ನಲ್ಲಿ ಕೀಲಿ ತೂತಿದ್ದರೆ, ಅನುಮಾನ ಪಡಬೇಕು. 19ನೇ ಶತಮಾನದಲ್ಲಿ ಹಳೇ ಗಡಿಯಾರಗಳ ಹೊಟ್ಟೆ ಬಗೆದು ಸ್ಪ್ರಿಂಗ್ ಯಂತ್ರ ಕೂರಿಸಿದ್ದು ಬಹಳ, ಪೂರ್ತಿ ಹೊಸ ನಕಲು ಮಾಡಿದ್ದೂ ಬಹಳ. ನಿಮ್ಮದರಲ್ಲಿ ಹಗ್ಗ, ಗುಂಡು ಇರೋದು ಒಳ್ಳೇ ಲಕ್ಷಣ.

ವಯಸ್ಸು ತಿಳಿಯೋಕೆ ಮುಂಭಾಗ ಬಿಡಿ, ತೂತುಗಳನ್ನು ನೋಡಿ. 1658ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಫ್ರೊಮಂಟೀಲ್ ಪೆಂಡುಲಂ ಗಡಿಯಾರದ ಜಾಹೀರಾತು ಕೊಡೋವರೆಗೆ ಇವೆಲ್ಲ ಬ್ಯಾಲೆನ್ಸ್ ಚಕ್ರದವು. ಆ ಚಕ್ರಕ್ಕೆ ಕೂದಲು ಸ್ಪ್ರಿಂಗ್ ಇರಲಿಲ್ಲ, ಗಂಟೆಯ ಕೆಳಗೆ, ಮೇಲಿನ ತಟ್ಟೆಯ ಮೇಲೆ ಸುಮ್ಮನೆ ಅತ್ತಿತ್ತ ತಿರುಗುತ್ತಿತ್ತು. ಆಮೇಲೆ ವರ್ಜ್ (ಚಕ್ರವನ್ನು ಹಲ್ಲು ಹಲ್ಲಾಗಿ ತಡೆದು ಬಿಡೋ ಹಳೇ ಏರ್ಪಾಡು) ಜೊತೆ ಗಿಡ್ಡ ಪೆಂಡುಲಂ ಬಂತು. 1670ರ ದಶಕದಿಂದ ಆಂಕರ್ (ಅದೇ ಕೆಲಸಕ್ಕೆ ಲಂಗರಿನಾಕಾರದ ಹೊಸ ಏರ್ಪಾಡು) ಮತ್ತು ಉದ್ದ ಪೆಂಡುಲಂ. ಹಳೆಯವನ್ನು ಕಾಲಕ್ಕೆ ತಕ್ಕಂತೆ ಬದಲಾಯಿಸುತ್ತಲೇ ಹೋದರು, ಹಾಗಾಗಿ ಉದ್ದ ಪೆಂಡುಲಂ ಇದೆ ಅಂದ ಮಾತ್ರಕ್ಕೆ ಆ ಕಾಲದ್ದೇ ಅನ್ನೋ ಹಾಗಿಲ್ಲ. ಗಂಟೆ ಬಿಚ್ಚಿ, ಮೇಲಿನ ತಟ್ಟೆಯಲ್ಲಿ ಹಿತ್ತಾಳೆ ತುಂಬಿ ಮುಚ್ಚಿದ ತೂತುಗಳಿವೆಯಾ ನೋಡಿ. ಪಕ್ಕದ ಬಾಗಿಲು ತೆಗೆದು ಹಗ್ಗ ಹಾಯೋ ಎರಡೂ ರಾಟೆಗಳನ್ನೂ ನೋಡಿ. ಡಯಲ್ ಫಲಕದ ಹಿಂಬದಿ ಸವರಿ ನೋಡಿ: ಕೈಯಲ್ಲಿ ತಟ್ಟಿ ಅರ ಹಾಕಿದ್ದಾದರೆ ದಪ್ಪ ಒಂದೇ ಸಮ ಇರೋಲ್ಲ, ಯಂತ್ರದಲ್ಲಿ ಎಳೆದ ತಗಡಾದರೆ ಕನ್ನಡಿ ಹಾಗೆ ಸಪಾಟು.

ಹೆಸರಿನ ಜೊತೆ ಇಸವಿಯನ್ನೂ ದೊಡ್ಡದಾಗಿ ಕೆತ್ತಿದ್ದರೆ ಖುಷಿಪಡಬೇಡಿ. ಹಳೆಯವರು ಊರು, ಹೆಸರು ಹಾಕುತ್ತಿದ್ದರು, ಇಸವಿ ಅಪರೂಪ.

ಲಕ್ಷ್ಮೀಪುರಂ_ಮೈಸೂರು:
ನೋಡಿದೆ. ಇಸವಿ ಇಲ್ಲ. ಮೇಲಿನ ತಟ್ಟೆಯಲ್ಲಿ ಮುಚ್ಚಿದ ತೂತು ಮೂರು, ಬಣ್ಣ ಸ್ವಲ್ಪ ಬೇರೆ. ರಾಟೆಗಳಲ್ಲಿ ಚೂಪು ಮೊಳೆಗಳಿವೆ. ಹಿಂದಿನ ರಾಟೆಗೆ ಕಟಕಟ ಅನ್ನೋ ಕ್ಲಿಕ್ (ಒಂದೇ ಕಡೆಗೆ ತಿರುಗೋಕೆ ಬಿಡೋ ಕೊಕ್ಕೆ) ಇದೆ. ಮುಂದಿನದಕ್ಕೂ ಇದ್ದ ಗುರುತಿದೆ, ಆದರೆ ಈಗ ಗಟ್ಟಿಯಾಗಿ ಬಂಧಿಸಿದ್ದಾರೆ. ಡಯಲ್ ಹಿಂಬದಿ ಉಬ್ಬುತಗ್ಗು.

ಹಳೇ_ಲೋಲಕ:
ಹಾಗಾದರೆ ಬದಲಾಯಿಸಿದ ಹಳೇ ಗಡಿಯಾರ ಅನ್ನೋ ಕಡೆಗೇ ತೂಕ. ಎರಡೂ ರಾಟೆಗೆ ಕ್ಲಿಕ್ ಇತ್ತು ಅಂದರೆ ಮೊದಲು ಎರಡು ಹಗ್ಗ, ಎರಡು ಗುಂಡು. ಆಮೇಲೆ ಹೈಗೆನ್ಸ್ ಕುಣಿಕೆಗೆ, ಅಂದರೆ ಒಂದೇ ಹಗ್ಗ ಒಂದೇ ಗುಂಡಿನಿಂದ ಎರಡೂ ರಾಟೆ ಓಡಿಸೋ ಏರ್ಪಾಡಿಗೆ, ತಂದಿದ್ದಾರೆ. ಮುಚ್ಚಿದ ತೂತುಗಳ ಜಾಗ ಬ್ಯಾಲೆನ್ಸಿನದಾ, ಗಿಡ್ಡ ಪೆಂಡುಲಂನದಾ ಅನ್ನೋದನ್ನು ಅಳತೆಪಟ್ಟಿ ಇಟ್ಟು ಫೋಟೊ ಹಾಕಿದರೆ ಹೇಳಬಹುದು. ತಟ್ಟೆಯನ್ನು ಬೆಳಗಿಬಿಟ್ಟರೆ ಆ ಬಣ್ಣದ ವ್ಯತ್ಯಾಸವೇ ಹೋಗಿಬಿಡುತ್ತೆ, ನೆನಪಿರಲಿ.

ಗುಂಡು_ಹಗ್ಗ_ಮಂಡ್ಯ:
ಹಗ್ಗಕ್ಕೆ ಬರೋಣ. ಜಾರೋಕೆ ಕಾರಣ ಸಾಮಾನ್ಯವಾಗಿ ಮೂರು. ಹಗ್ಗದ ದಪ್ಪ ರಾಟೆಯ ತೋಡಿಗೆ ಹೊಂದಿರೋಲ್ಲ, ಮೊಳೆ ಸವೆದಿರುತ್ತೆ, ಇಲ್ಲ ಕುಣಿಕೆಯ ಸಡಿಲ ಭಾಗವನ್ನು ಕೆಳಗೆಳೆಯೋ ಪುಟ್ಟ ಸೀಸದ ಉಂಗುರ ಕಳೆದಿರುತ್ತೆ. ಮೊದಲು ಉಂಗುರ ಇದೆಯಾ ನೋಡಿ. ಅದಿಲ್ಲದೆ ಎಂಥ ಹಗ್ಗ ಹಾಕಿದರೂ ಮೊಳೆ ಬಿಟ್ಟು ಮೇಲೇಳುತ್ತೆ. ಹಗ್ಗ ಸುಮಾರು 6 ಮಿಲಿಮೀಟರಿನ ಜಡೆ ಹೆಣಿಗೆಯದು ಇರಲಿ, ತರೋ ಮುಂಚೆ ತೋಡಿನ ಅಗಲ ಅಳೆಯಿರಿ. ನುಣುಪು ನೈಲಾನ್ ಹಿಡಿಯೋಲ್ಲ, ತೆಂಗಿನ ನಾರು ಉದುರಿ ಯಂತ್ರಕ್ಕೆ ಬೀಳುತ್ತೆ. ತುದಿಗಳನ್ನು ಎದುರುಬದುರು ತಂದು ಹೊಲಿಯಿರಿ. ಗಂಟು ಹಾಕಿದರೆ ರಾಟೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ.

ಗಡಿಯಾರ ನಿಲ್ಲುತ್ತೆ ಅಂತ ಗುಂಡಿನ ತೂಕ ಏರಿಸಬೇಡಿ. 3 ಕಿಲೋ ಆಸುಪಾಸಿನಲ್ಲಿ ಓಡದಿದ್ದರೆ ಎಲ್ಲೋ ಕೊಳೆ ಇದೆ, ಅಥವಾ ಪಿವಟ್ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆ. ಭಾರ ಹೆಚ್ಚಿಸಿದರೆ ಸವೆತವೂ ಹೆಚ್ಚುತ್ತೆ, ಅಷ್ಟೇ. ಟಿಕ್ಕಿಗೂ ಟಾಕಿಗೂ ನಡುವಿನ ಅಂತರ ಸಮ ಇದೆಯಾ ಕೇಳಿ. ಕುಂಟುತ್ತಿದ್ದರೆ ಗಡಿಯಾರ ವಾಲಿದೆ. ಹಿಂಬದಿಯ ಕೊಕ್ಕೆಯ ಉಂಗುರದಿಂದ ನೇತುಹಾಕಿ, ಹಿಂಬದಿಯ ಕೆಳಗಿನ ಎರಡು ಚೂಪು ಕಡ್ಡಿ ಗೋಡೆಗೆ ಊರಬೇಕು. ಹಳೇ ಮನೆಯ ಗಾರೆಗೋಡೆಯಾದರೆ ಮೊದಲು ಒಂದು ತೇಗದ ಹಲಗೆ ಬಿಗಿಯಿರಿ, ಇಲ್ಲದಿದ್ದರೆ ಪೆಂಡುಲಂ ಜೊತೆ ಗಡಿಯಾರವೂ ಅಲುಗಿ ನಿಲ್ಲುತ್ತೆ.

ಇನ್ನು ಮೂರಕ್ಕೆ ಐದು. ಎಣಿಕೆ ಚಕ್ರದ ಅಂಚಿನ ಕಚ್ಚುಗಳ ಅಂತರವೇ ಎಷ್ಟು ಹೊಡೆಯಬೇಕು ಅಂತ ತೀರ್ಮಾನಿಸುತ್ತೆ, ಮುಳ್ಳು ಎಲ್ಲಿದೆ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಹಗ್ಗ ಜಾರಿ ಹೊಡೆತ ತಪ್ಪಿದರೆ ಮುಂದೆಲ್ಲಾ ತಪ್ಪೇ. ಮೊದಲು ಗುಂಡು ಪೂರ್ತಿ ಮೇಲೆತ್ತಿ. ಐದು ಹೊಡೆದು ನಿಂತ ಮೇಲೆ ಬೀಗದ ಸನ್ನೆಯನ್ನು (ಹೊಡೆತವನ್ನು ತಡೆದಿಡೋ ಕಡ್ಡಿ) ಬೆರಳಲ್ಲಿ ಸ್ವಲ್ಪ ಎತ್ತಿ ಬಿಡಿ, ಆರು ಹೊಡೆಯುತ್ತೆ. ಹೀಗೆ ಹತ್ತು ಸಲ ಎತ್ತಿದರೆ ಹನ್ನೆರಡು ದಾಟಿ ಮೂರಕ್ಕೆ ಬಂದು ನಿಲ್ಲುತ್ತೆ, ಒಟ್ಟು 69 ಪೆಟ್ಟು. ನಾಲ್ಕಾಗೋದರೊಳಗೆ ಮುಗಿಸಿ. ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ, ಅದರ ಹಿಂದಿನ 12 ಮೊನೆಯ ನಕ್ಷತ್ರ ಚಕ್ರ ಸನ್ನೆಗೆ ಅಡ್ಡ ಸಿಕ್ಕಿದರೆ ಬಾಗುತ್ತೆ. ದಿನಾ ಕೀಲಿ ಕೊಡುವಾಗ ಹಿಂದಿನ ರಾಟೆಯ ಹಗ್ಗವನ್ನೇ ಕೆಳಗೆಳೆಯಿರಿ. ಕ್ಲಿಕ್ ಇರೋದು ಅಲ್ಲಿ, ಎಳೆಯುವಾಗಲೂ ಹೊತ್ತು ತೋರಿಸೋ ಮುಂದಿನ ಯಂತ್ರಕ್ಕೆ ಭಾರ ತಪ್ಪೋಲ್ಲ.

ಎರಕದವ:
ಕಳೆದ ಜಾಲರಿಗೆ ಮಂಡ್ಯ ಜಿಲ್ಲೆಯ ನಾಗಮಂಗಲ ಕಡೆ ಎರಕದವರನ್ನು ಕೇಳಿ. ಬಲಗಡೆ ಜಾಲರಿಯನ್ನೇ ಅಚ್ಚಿಗೆ ಕೊಡ್ತೀರಿ ತಾನೆ, ಅಲ್ಲೇ ಎಡವಟ್ಟು: ಹಿತ್ತಾಳೆ ಆರುವಾಗ ಸುಮಾರು ನೂರಕ್ಕೆ ಒಂದೂವರೆ ಪಾಲು ಕುಗ್ಗುತ್ತೆ, 5 ಇಂಚಿನ ಜಾಲರಿ 2 ಮಿಲಿಮೀಟರ್ ಗಿಡ್ಡ ಬರುತ್ತೆ. ಸ್ಕ್ರೂ ತೂತು ಕೂರೋಲ್ಲ ಅಂತ ಹಳೇ ತಟ್ಟೆಗೆ ಹೊಸ ತೂತು ಕೊರೆಸಬೇಡಿ. ಮಾದರಿಯ ಎರಡೂ ಕಾಲಿಗೆ ಮೇಣ ಹಚ್ಚಿ ಉದ್ದ ಮಾಡಿಸಿ, ಎರಕ ಆದ ಮೇಲೆ ಅರದಲ್ಲಿ ಸರಿಮಾಡಿ. ಪಕ್ಕದ ಜಾಲರಿಗೆ ಕೆತ್ತನೆ ಇಲ್ಲದಿರೋದು ಸಹಜ, ಎದುರಿನದನ್ನು ನೋಡಿ ಕೆತ್ತಿಸೋಕೆ ಹೋಗಬೇಡಿ. ಹೊಸದರ ಹಿಂಬದಿಯಲ್ಲಿ ಮಾಡಿಸಿದ ಇಸವಿ ಹೊಡೆಸಿಡಿ.

ಹಳೇ_ಲೋಲಕ:
ಮಾರೋ ಯೋಚನೆ ಇದ್ದರೆ: 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ದು ಪುರಾತನ ವಸ್ತು, ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ. ತಟ್ಟೆಯ ಫೋಟೊ ಮರೀಬೇಡಿ, ಮೇಲಿಂದ ನೇರವಾಗಿ ತೆಗೀರಿ.