ಹಳೇಮನೆ ಬಳಗ: ದೊಡ್ಡಪ್ಪನ ಫಾರ್ವರ್ಡ್

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ!! ಐಸಿಯುಗಳಲ್ಲಿ ಯಾವ ಔಷಧಿಗೂ ಬಗ್ಗದ ಕ್ರಿಮಿಗಳು. ಆಸ್ಪತ್ರೆ ಸೇರಬೇಡಿ. ಜ್ವರ ಬಂದ ದಿನವೇ ಅಜಿತ್ರೋಮೈಸಿನ್ 500 ಶುರು ಮಾಡಿ, ಮನೆಯಲ್ಲೇ ಗುಣವಾಗಿ. ಹತ್ತು ಜನಕ್ಕೆ ಕಳಿಸಿ.

ಲಲಿತತ್ತೆ: ಹೌದಂತೆ ಅಣ್ಣ 🙏 ನಾನಂತೂ ಮನೇಲಿ ಎರಡು ಸ್ಟ್ರಿಪ್ ಇಟ್ಕೊಂಡೇ ಇರ್ತೀನಿ.

ವಿದ್ಯಾ: ದೊಡ್ಡಪ್ಪ, ಇದರಲ್ಲಿ ಮೊದಲರ್ಧ ನಿಜ. ಉಳಿದರ್ಧ ಮಾಡಿ ಮಾಡಿಯೇ ಮೊದಲರ್ಧ ಆಗಿರೋದು.

ರಾಘು: ಶುರುವಾಯ್ತಪ್ಪ ಲ್ಯಾಬ್ ಪ್ರವಚನ.

ವಿದ್ಯಾ: ಕೇಳು ರಾಘಣ್ಣ. ಯೂರಿನ್ ಇನ್ಫೆಕ್ಷನ್ನಿಗೆ ಹೆಚ್ಚಾಗಿ ಕಾರಣ ಆಗೋದು ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ. ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ 2016ರಲ್ಲಿ ಅದರ 86% ಸ್ಯಾಂಪಲ್‌ಗಳು ಇಮಿಪೆನೆಮ್‌ಗೆ ಬಗ್ತಿದ್ವು, 2021ಕ್ಕೆ 64%. ಅಂಥದ್ದೇ ಇನ್ನೊಂದು ಬ್ಯಾಕ್ಟೀರಿಯಾ ಕ್ಲೆಬ್ಸಿಯೆಲ್ಲಾದ್ದು 65ರಿಂದ 43ಕ್ಕೆ ಇಳೀತು. ದೊಡ್ಡ ಆಸ್ಪತ್ರೆಗಳ ಲೆಕ್ಕ ಇದು, ಊರಲ್ಲಿರೋ ಎಲ್ಲರದ್ದಲ್ಲ. ಆದ್ರೂ ಇಮಿಪೆನೆಮ್ ಅಂದ್ರೆ ಬೇರೆಯವು ಸೋತಾಗ ಹಾಕೋ ಇಂಜೆಕ್ಷನ್.

ದೊಡ್ಡಪ್ಪ: ನಾನು ಹೇಳಿದ್ದೂ ಅದೇ ಅಲ್ವೇನಮ್ಮ? ಆಸ್ಪತ್ರೆಗೆ ಹೋಗಬೇಡಿ ಅಂತ.

ವಿದ್ಯಾ: ಕ್ಯಾಥೆಟರ್, ವೆಂಟಿಲೇಟರ್ ಇದ್ದವರಿಗೆ ಅಲ್ಲೇ ಅಂಟೋದು ಉಂಟು. ಆದ್ರೆ ಎಷ್ಟೋ ಜನ ಹೊಟ್ಟೇಲಿ ಹೊತ್ಕೊಂಡೇ ಬರ್ತಾರೆ. ವೈರಲ್ ಜ್ವರಕ್ಕೆ ಅಜಿತ್ರೋ ಏನೂ ಮಾಡಲ್ಲ, ಕರುಳಲ್ಲಿರೋ ಬಡಪಾಯಿ ಬ್ಯಾಕ್ಟೀರಿಯಾನ ಕೊಲ್ಲುತ್ತೆ. ಗಟ್ಟಿಯವು ಉಳ್ಕೊಂಡು ಸಂಸಾರ ಮಾಡ್ತಾವೆ.

ರಾಘು: ಒಂದ್ಸಲ ನನ್ನ ಅಂಗಡೀಲಿ ನಿಂತು ನೋಡು ತಾಯಿ. ರಾತ್ರಿ ಬಾಗಿಲು ಹಾಕೋ ಹೊತ್ತಿಗೆ ಕೂಲಿಯವನೊಬ್ಬ ಬರ್ತಾನೆ. ಮಗೂಗೆ ಜ್ವರ, ಡಾಕ್ಟರ್ ಫೀಸಿಗೆ ದುಡ್ಡಿಲ್ಲ. "ಮೂರೇ ಮಾತ್ರೆ ಕತ್ತರಿಸಿ ಕೊಡಿ ಸಾರ್" ಅಂತಾನೆ. ನಾನು ಇಲ್ಲ ಅಂದ್ರೆ ಎದುರಿನವನು ಕೊಡ್ತಾನೆ.

ವಿದ್ಯಾ: ಅವನಿಗೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಕಳ್ಸು. ಯಾರಿಗೆ ಯಾವ ಔಷಧಿ ಮಾರಿದ್ರಿ ಅಂತ ಬರೆದಿಡೋ ಎಚ್1 ರಿಜಿಸ್ಟರ್ ಅಂತ 2014ರಿಂದ ಇದೆಯಲ್ಲ?

ರಾಘು: ಎಚ್1ಗೆ ಬರೋದು ಸೆಫಿಕ್ಸಿಮ್, ಮೆರೊಪೆನೆಮ್ ಅಂಥವು. ಅಜಿತ್ರೋ ಬರೀ ಎಚ್ ಪಟ್ಟೀದು.

ವಿದ್ಯಾ: ಎಚ್‌ಗೂ ಡಾಕ್ಟರ್ ಚೀಟಿ ಬೇಕೇ ಬೇಕು. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?

ಕಿರಣ್ (ಉಟ್ರೆಕ್ಟ್, ನೆದರ್ಲೆಂಡ್ಸ್): ಇಲ್ಲಿ ಜ್ವರ ಅಂತ ಹೋದ್ರೆ ಪ್ಯಾರಾಸಿಟಮಾಲ್ ತಗೊಂಡು ಮಲ್ಕೋ ಅಂತಾರೆ, ಬೈಕೊಂಡು ಬರ್ತೀವಿ. ಸ್ಮಿತಾಗೆ ಊರಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯ್ತಲ್ಲ, ವಾಪಸ್ ಬಂದು ಇಲ್ಲಿ ಅಡ್ಮಿಟ್ ಆದಾಗ ಮೊದಲು ಕೇಳಿದ್ದೇ "ಬೇರೆ ದೇಶದ ಆಸ್ಪತ್ರೇಲಿ ಇದ್ರಾ?" ಅಂತ. ಹೌದು ಅಂದಿದ್ದೇ ತಡ, ಅವಳಿಗೊಂದು ಬೇರೆ ರೂಮು, ಗೌನು ಮಾಸ್ಕು ಹಾಕ್ಕೊಂಡ ನರ್ಸು, ಗಟ್ಟಿ ಕ್ರಿಮಿ ಹೊತ್ಕೊಂಡು ಬಂದಿದಾಳಾ ಅಂತ ನೋಡೋಕೆ ಮೂಗು ಗಂಟಲಿಗೆಲ್ಲ ಸ್ವಾಬು.

ದೊಡ್ಡಪ್ಪ: ಇದು ಅವಮಾನ. ನಮ್ಮೋರು ಅಂದ್ರೆ ಅಷ್ಟು ಸದರವಾ?

ಕಿರಣ್: ಬೇರೆ ಯಾವ ದೇಶದ ಆಸ್ಪತ್ರೇಲಿ ಇದ್ದು ಬಂದವರಿಗೂ ಹಾಗೇ ದೊಡ್ಡಪ್ಪ, ನಮಗೊಬ್ಬರಿಗೇ ಅಲ್ಲ.

ರಾಘು: ಅಲ್ಲಿ ಡಾಕ್ಟರ್ ಫೀಸು ಇನ್ಶೂರೆನ್ಸ್‌ನಲ್ಲಿ ಹೋಗುತ್ತೆ, ಅದನ್ನೂ ಬರಿ ಕಿರಣ.

ವಿದ್ಯಾ: ಇದು ನ್ಯಾಯವಾದ ಮಾತು. ಅಂಗಡಿಯವರ ಮೇಲೇ ಹಾರಾಡಿ ಪ್ರಯೋಜನ ಇಲ್ಲ. ವಾರ್ಡಿನವರು ಎರಡು ಡೋಸ್ ಹೋದ ಮೇಲೆ ಕಲ್ಚರ್ (ಕ್ರಿಮಿ ಬೆಳೆಸಿ ನೋಡೋ ಟೆಸ್ಟ್) ಕಳಿಸ್ತಾರೆ. ಎಷ್ಟೋ ಸಲ ಪ್ಲೇಟಲ್ಲಿ ಏನೂ ಬೆಳೆಯಲ್ಲ. ಆಮೇಲೆ ಕುರುಡು ಲೆಕ್ಕದಲ್ಲೇ ದೊಡ್ಡ ಇಂಜೆಕ್ಷನ್ ಮುಂದುವರೀತದೆ. ಮೊದಲೇ ರಕ್ತ, ಯೂರಿನ್ ತೆಗೆದು ಆಮೇಲೆ ಔಷಧಿ ಹಾಕಿದ್ರೆ ಎರಡು ಮೂರು ದಿನಕ್ಕೆ ಯಾವ ಔಷಧಿ ಎಸ್ (ಕೆಲಸ ಮಾಡುತ್ತೆ), ಯಾವುದು ಆರ್ (ಮಾಡಲ್ಲ) ಅಂತ ಬರೆದು ಕೊಡ್ತೀವಿ. ಆಗ ಚಿಕ್ಕ ಔಷಧಿಗೆ ಇಳೀಬಹುದು. ನಮ್ಮವರು ಯಾರಾದ್ರೂ ಅಡ್ಮಿಟ್ ಆದ್ರೆ ನೀವು ಕೇಳಬೇಕಾದ್ದು ಒಂದೇ, "ಕಲ್ಚರ್ ಕಳಿಸಿದ್ರಾ?"

ಲಲಿತತ್ತೆ: ನನ್ನ ಯೂರಿನ್‌ದು ಕಳಿಸಿದ್ರು. ನೋಡು. (ಫೋಟೋ)

ವಿದ್ಯಾ: ಸಿಪ್ರೋಫ್ಲಾಕ್ಸಾಸಿನ್ ಆರ್. ಸೆಫಿಕ್ಸಿಮ್ ಆರ್. ನೈಟ್ರೋಫ್ಯುರಾಂಟೋಯಿನ್ ಎಸ್. ಡಾಕ್ಟರ್ ಅದನ್ನೇ ಬರೆದಿದಾರೆ, ಸರಿಯಾಗಿದೆ. 1950ರ ದಶಕದ ಮಾತ್ರೆ ಅದು, ಇನ್ನೂ ಕೆಲಸ ಮಾಡುತ್ತೆ. ಬರೆದಷ್ಟು ದಿನ ತಗೊಳ್ಳಿ ಅತ್ತೆ.

ಲಲಿತತ್ತೆ: ಯೂರಿನ್ ಕಂದು ಬಣ್ಣಕ್ಕೆ ಬಂತು ಅಂತ ನಿನ್ನೆ ಬಿಟ್ಟೆ. ಈಗ ಅಜಿತ್ರೋ ತಗೋತಿದೀನಿ.

ವಿದ್ಯಾ: ಅತ್ತೆ!! ಆ ಮಾತ್ರೆಗೆ ಬಣ್ಣ ಹಾಗೇ ಬರೋದು. ಅಜಿತ್ರೋ ಇದಕ್ಕಲ್ಲ, ನಿಲ್ಸಿ, ಈಗ್ಲೇ ಡಾಕ್ಟರ್‌ಗೆ ಫೋನ್ ಮಾಡಿ. ಕೊಟ್ಟೋರು ಯಾರು ಅದನ್ನ?

ಲಲಿತತ್ತೆ: ರಾಘು.

ರಾಘು: ಅತ್ತೆ, ಚೀಟಿ ಇದೆ ಅಂದ್ರಲ್ಲ ನೀವು!

ಲಲಿತತ್ತೆ: ಇತ್ತಲ್ಲೋ. ನಿಮ್ಮ ಮಾವಂದು.