ಟ್ರೈಲರ್ ಬಾಲ ಆಡಿಸುತ್ತಿದೆ, ಕೊಂಡಿ ಮೇಲೆ ಎಷ್ಟು ಭಾರ ಇರಬೇಕು?

ಕುವೆಂಪುನಗರದ ತಾತ:
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಚಕ್ರದ ಚಿಕ್ಕ ಮನೆ ಟ್ರೈಲರ್. ಒಳಗೆ ಮಂಚ, ಸಣ್ಣ ಅಡುಗೆ ಕಟ್ಟೆ, 60 ಲೀಟರ್ ನೀರಿನ ಟ್ಯಾಂಕ್, ಇನ್ವರ್ಟರ್ ಬ್ಯಾಟರಿ. ಡೀಸೆಲ್ ಎಸ್‌ಯುವಿ ಹಿಂದೆ ಕಟ್ಟಿಕೊಂಡು ಹೋಗುತ್ತೇವೆ. ಎಲ್ಲ ತುಂಬಿ, ಕಾರಿನಿಂದ ಬಿಡಿಸಿ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದರೆ 800 ಕೆಜಿ ಬಂತು.

ಹೋದ ಭಾನುವಾರ ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆ 70ರಲ್ಲಿ ಹೋಗುತ್ತಿದ್ದೆ. ಒಂದು ಲಾರಿ ಪಕ್ಕದಲ್ಲಿ ರಭಸವಾಗಿ ದಾಟಿತು. ಅಷ್ಟೇ, ಟ್ರೈಲರ್ ಎಡಕ್ಕೂ ಬಲಕ್ಕೂ ತೂಗಾಡಲು ಶುರುವಾಯಿತು. ಬ್ರೇಕ್ ಒತ್ತಿದೆ, ಇನ್ನೂ ಜಾಸ್ತಿಯಾಯಿತು. ಮೊಮ್ಮಗಳು ಹಿಂದಿನ ಸೀಟಲ್ಲಿದ್ದಳು. ಈಗ ಆ ಗಾಡಿ ಹತ್ತುವುದೇ ಇಲ್ಲ ಅನ್ನುತ್ತಾಳೆ.

ಟ್ಯಾಂಕ್, ಬ್ಯಾಟರಿ ಎರಡೂ ಹಿಂದಿನ ಕಡೆ ಇವೆ. ಮಾಡಿಕೊಟ್ಟವರು "ಕೊಂಡಿ ಕಡೆ ಹಗುರ ಇದ್ದಷ್ಟೂ ಕಾರಿಗೆ ಒಳ್ಳೇದು" ಅಂದಿದ್ದರು. ಇದು ಸರೀನಾ?

ಪಶ್ಚಿಮವಾಹಿನಿ:
ಮೊದಲು ಟೈರ್ ಗಾಳಿ ನೋಡಿ ಸಾರ್. ಎರಡೂ ಕಡೆ ಒಂದೇ ಸಮ ಇರಬೇಕು. ಸರಿಹೋಗುವ ತನಕ 50 ದಾಟಬೇಡಿ.

ಮದ್ದೂರು ಗಾಡಿಮನೆ:
ಸಾರ್, ಆ ಮಾತು ತಪ್ಪು. ಕೊಂಡಿ ಹಗುರ ಆದಷ್ಟೂ ಬಾಲ ಆಡಿಸುತ್ತೆ.

ನಮ್ಮಪ್ಪ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವರು. ಚಿಕ್ಕಂದಿನಲ್ಲಿ ನಾನು ಕಬ್ಬು ಎತ್ತಿಕೊಟ್ಟರೆ ಅವರು ಗಾಡಿ ಮೇಲೆ ನಿಂತು ಜೋಡಿಸುತ್ತಿದ್ದರು. ನಾಲ್ಕು ಹೊರೆ ಹಾಕಿದ ಮೇಲೆ ಕೆಳಗಿಳಿದು ಮೂಕಿ (ನೊಗ ಕಟ್ಟುವ ಮುಂದಿನ ಉದ್ದ ಮರ) ಹಿಡಿದು ಎತ್ತಿ ನೋಡೋರು. ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಹುಣ್ಣಾಗುತ್ತೆ. ಹಿಂಭಾರ ಆದರೆ ನೊಗ ಮೇಲಕ್ಕೆದ್ದು ಹಗ್ಗ ಕೊರಳು ಬಿಗಿಯುತ್ತೆ. ದಿಣ್ಣೆ ಹತ್ತುವಾಗ ಅಪ್ಪ ಮುಂದಕ್ಕೆ ಜರುಗಿ ಮೂಕಿ ಮೇಲೆ ಕೂರೋರು, ಇಳಿಯುವಾಗ ಹಿಂದಕ್ಕೆ. ಒಬ್ಬ ಮನುಷ್ಯನ ತೂಕದಲ್ಲೇ ಇಡೀ ಗಾಡಿ ಹದಕ್ಕೆ ಬರುತ್ತಿತ್ತು. ನಿಮ್ಮ ಟ್ರೈಲರ್‌ಗೂ ಇದೇ ಲೆಕ್ಕ. ಆದರೆ ಎತ್ತಿಗೆ 70 ಕಿ.ಮೀ. ವೇಗ ಇರಲಿಲ್ಲ, ಹಾಗಾಗಿ ನೀವು ಕೈ ಅಂದಾಜಿಗೆ ಬಿಡಬೇಡಿ. ಅಳೆಯಿರಿ.

ಮನೆಯಲ್ಲಿ ಮೈ ತೂಕ ನೋಡುವ ಮೆಷಿನ್ ಇದ್ದರೆ ಸಾಕು. ಸಮತಟ್ಟಾದ ಜಾಗ ನೋಡಿ. ಚಕ್ರಕ್ಕೆ ಕಲ್ಲು ಕೊಡಿ. ಮೆಷಿನ್ ಮೇಲೆ ಒಂದು ಮರದ ತುಂಡು ನಿಲ್ಲಿಸಿ ಕೊಂಡಿಯನ್ನು ಅದರ ಮೇಲೆ ಇಳಿಸಿ. ಕಾರಿಗೆ ಕಟ್ಟಿದಾಗ ಎಷ್ಟು ಎತ್ತರ ಇರುತ್ತದೋ ಅಷ್ಟೇ ಎತ್ತರ ಇರಬೇಕು, ಮೂತಿ ಮೇಲೆದ್ದರೆ ಲೆಕ್ಕ ತಪ್ಪುತ್ತೆ. ಆಮೇಲೆ ಅಚ್ಚಿನಿಂದ ಕೊಂಡಿಗೆ ಎಷ್ಟು ಅಡಿ, ಟ್ಯಾಂಕ್ ಮತ್ತು ಬ್ಯಾಟರಿ ಅಚ್ಚಿನಿಂದ ಎಷ್ಟು ಹಿಂದಿವೆ, ಟೇಪ್ ಹಿಡಿದು ಬರೆಯಿರಿ.

ಇನ್ನೊಂದು ಮಾತು. ತೂಗಾಟ ಶುರುವಾದರೆ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ತಿರುಗಿಸಿ ಸರಿಮಾಡಲೂ ಹೋಗಬೇಡಿ. ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಬ್ರೇಕ್ ಒತ್ತಿದರೆ ಕಾರು ನಿಲ್ಲೋಕೆ ನೋಡುತ್ತೆ, ಟ್ರೈಲರ್ ಹಿಂದಿನಿಂದ ನೂಕುತ್ತೆ.

ಕುವೆಂಪುನಗರದ ತಾತ:
ಅಳೆದೆ. ಕೊಂಡಿ ಮೇಲೆ ಬರೀ 28 ಕೆಜಿ! ಕೊಂಡಿಗೆ ಹತ್ತು ಅಡಿ. ಟ್ಯಾಂಕ್, ಬ್ಯಾಟರಿ ಎರಡೂ ಅಚ್ಚಿನಿಂದ ನಾಲ್ಕು ಅಡಿ ಹಿಂದೆ. ಬ್ಯಾಟರಿ 55 ಕೆಜಿ ಇದೆ.

ಊರಿಗೆ ಬಂದವನು:
ಎಂಟು ವರ್ಷ ಅಮೆರಿಕದಲ್ಲಿದ್ದೆ, ಅಲ್ಲಿ ಇಂಥದ್ದೇ ಎಳೆದಿದ್ದೇನೆ. ಅಲ್ಲಿ ಒಟ್ಟು ತೂಕದ ಶೇ. 10ರಿಂದ 15 ಕೊಂಡಿ ಮೇಲಿರಬೇಕು ಅನ್ನುತ್ತಾರೆ. ಬ್ರಿಟನ್‌ನಲ್ಲಿ ಶೇ. 5ರಿಂದ 7. ನಿಮ್ಮದು ಶೇ. 3.5, ಎರಡಕ್ಕೂ ಕಡಿಮೆ. ಟ್ರೈಲರ್‌ಗೆ ತನ್ನದೇ ಬ್ರೇಕ್ ಇದೆಯಾ? ಯೂರೋಪಿನಲ್ಲಿ 750 ಕೆಜಿ ದಾಟಿದ ಟ್ರೈಲರ್‌ಗೆ ಅದು ಕಡ್ಡಾಯ.

ಮದ್ದೂರು ಗಾಡಿಮನೆ:
ಲೆಕ್ಕ ಸುಲಭ ಸಾರ್. ತೂಕವನ್ನು ಜರುಗಿಸಿದ ಅಡಿಯಿಂದ ಗುಣಿಸಿ, ಅಚ್ಚಿನಿಂದ ಕೊಂಡಿಗಿರುವ ಅಡಿಯಿಂದ ಭಾಗಿಸಿ.

ನೀರು 60 ಕೆಜಿ, ನಾಲ್ಕು ಅಡಿ ಹಿಂದೆ. 60 ಗುಣಿಸು 4, ಭಾಗಿಸು 10. ಅಂದರೆ ತುಂಬಿದ ಟ್ಯಾಂಕ್ ಕೊಂಡಿಯಿಂದ 24 ಕೆಜಿ ಎತ್ತಿಬಿಡುತ್ತಿದೆ. ಖಾಲಿ ಟ್ಯಾಂಕಲ್ಲಿ ಹೊರಡಿ, ನೀರು ಹೋದ ಊರಲ್ಲಿ ಹಿಡಿಯಿರಿ. ಅರ್ಧ ತುಂಬಿಸಬೇಡಿ, ಕುಲುಕಾಡುತ್ತೆ. ಬ್ಯಾಟರಿಯನ್ನು ಮಂಚದ ಕೆಳಗೆ, ಅಚ್ಚಿಗಿಂತ ಎರಡು ಅಡಿ ಮುಂದೆ ತಂದು ಬೋಲ್ಟ್ ಹಾಕಿಸಿ. ಆರು ಅಡಿ ಜರುಗಿತು, 33 ಕೆಜಿ ಬಂತು. 28, 24, 33 ಸೇರಿ 85. ಟ್ರೈಲರ್ ಈಗ 740, ಹಾಗಾಗಿ ಶೇ. 11ರ ಮೇಲೆ.

ಇದಕ್ಕಿಂತ ಮುಂದಕ್ಕೆ ತುಂಬಬೇಡಿ. ಕೊಂಡಿ ಹಿಂದಿನ ಚಕ್ರಕ್ಕಿಂತ ಹಿಂದಿರುತ್ತಲ್ವಾ, ಅಲ್ಲಿ ಒತ್ತಿದರೆ ಕಾರಿನ ಮೂತಿ ಏಳುತ್ತೆ. ಕೊಂಡಿ ನಾಲ್ಕು ಅಡಿ ಹಿಂದೆ, ಎರಡು ಅಚ್ಚಿನ ನಡುವೆ ಒಂಬತ್ತು ಅಡಿ ಅಂತಿಟ್ಟುಕೊಳ್ಳಿ. 85 ಕೆಜಿ ಹಾಕಿದರೆ ಮುಂದಿನ ಚಕ್ರದಿಂದ 38 ಕೆಜಿ ಕಡಿಮೆಯಾಗುತ್ತೆ. ಭಾರ ಮಿತಿಮೀರಿ ಟ್ರ್ಯಾಕ್ಟರ್ ಮುಂದಿನ ಗಾಲಿ ಎದ್ದಿದ್ದನ್ನು ಕಬ್ಬಿನ ಸೀಸನ್ನಲ್ಲಿ ನಮ್ಮೂರ ಕಡೆ ಎಲ್ಲರೂ ನೋಡಿರುತ್ತಾರೆ. ಹಾಗಾಗಿ ಡಿಕ್ಕಿಯಲ್ಲಿರುವ ಸಾಮಾನು ಕಡಿಮೆ ಮಾಡಿ. ಕಾರಿನ ಪುಸ್ತಕದಲ್ಲಿ, ಕೊಂಡಿಯ ತಗಡಿನಲ್ಲಿ ಬರೆದ ಮಿತಿ 85ಕ್ಕಿಂತ ಕಡಿಮೆ ಇದ್ದರೆ ಆ ಮಿತಿಯೇ ಕೊನೆ.

ಬ್ರೇಕ್ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿ. ಮೊಮ್ಮಗಳನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಮೊದಲು ಅದನ್ನು ಹಾಕಿಸಲೇಬೇಕು.

ಕುವೆಂಪುನಗರದ ತಾತ:
ಬ್ಯಾಟರಿ ಜರುಗಿಸಿ ಅಳೆದೆ, 83 ಬಂತು. ನನ್ನ ಕೊಂಡಿಯ ಮಿತಿ 100. ನಿನ್ನೆ ಒಬ್ಬನೇ ಪಾಂಡವಪುರ, ಜಕ್ಕನಹಳ್ಳಿ ಮೇಲೆ ಮೇಲುಕೋಟೆಗೆ ಹೋಗಿ ಬಂದೆ. 60ರಲ್ಲಿ ಬಸ್ಸು ದಾಟಿದಾಗಲೂ ಟ್ರೈಲರ್ ಅಲುಗಲಿಲ್ಲ. ಬ್ರೇಕ್‌ಗೆ ಹೇಳಿದ್ದೇನೆ. ಅದು ಆಗುವ ತನಕ ಮಗುವನ್ನು ಕರೆದುಕೊಂಡು ಹೋಗುವುದಿಲ್ಲ.

ಬರುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಪಾತ್ರೆ ತೊಳೆದ ನೀರಿನ ಡಬ್ಬ ಅಚ್ಚಿನಿಂದ ಐದು ಅಡಿ ಹಿಂದಿದೆ. ತುಂಬಿದರೆ 20 ಲೀಟರ್. ನಿಮ್ಮ ಲೆಕ್ಕದಲ್ಲಿ ಕೊಂಡಿಯಿಂದ 10 ಕೆಜಿ ಹೋಯಿತು, ಅಲ್ವಾ? ಖಾಲಿ ಮಾಡಿಯೇ ಹೊರಟೆ.

ಮದ್ದೂರು ಗಾಡಿಮನೆ:
ಸರಿಯಾಗಿದೆ ಸಾರ್, ಹತ್ತೇ.