ಹಂದಿ ಮೂಳೆ ಬೇಯಿಸಿದ ತಿಳಿಗೆ ‘ಕಟ್ಟು’ ಅನ್ನಬಹುದೇ?

ಪ್ರಶ್ನೆ: ದಕ್ಷಿಣ ವಿಯೆಟ್ನಾಮಿನ ‘ಹು ತಿಯೂ ನಾಮ್ ವಾಂಗ್’ ಎಂಬ ನೂಡಲ್ಸ್ ಸೂಪು ಮಾಡುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. (ಕಾಂಬೋಡಿಯಾದ ನೋಮ್ ಪೆನ್ ನಗರಕ್ಕೆ ವಿಯೆಟ್ನಾಮಿನವರ ಹಳೆಯ ಹೆಸರು ನಾಮ್ ವಾಂಗ್.) ಮೂಳೆ ಬೇಯಿಸಿ ಸೋಸಿದ ನೀರಿಗೆ ಸಾರು ಅನ್ನಲೋ, ಕಟ್ಟು ಅನ್ನಲೋ? ‘ಕುದಿಸಿ’ ಎಂದಷ್ಟೇ ಬರೆದರೆ ಸಾಕೇ?

ಉತ್ತರ 1: ‘ಕಟ್ಟು’ ಸರಿ. ಸಾರು ಎಂದರೆ ಓದುವವರು ಹುಳಿ, ಸಾರಿನ ಪುಡಿ ಹುಡುಕುತ್ತಾರೆ. ಇದರಲ್ಲಿ ಎರಡೂ ಇಲ್ಲ. ‘ಕುದಿಸಿ’ ಸಾಲದು, ಏಕೆಂದರೆ ಕುದಿ ಎರಡು ಬಗೆಯದು. ಮೊದಲು ಒಂದೂವರೆ ಕಿಲೋ ಮೂಳೆ ತಣ್ಣೀರಿಗೆ ಹಾಕಿ, ಜೋರು ಉರಿಯಲ್ಲಿ ಕುದಿ ಬಂದ ಮೇಲೆ ಐದು ನಿಮಿಷ ಕೊತಕೊತ ಕುದಿಸಿ, ಬೂದು ನೊರೆ ಸಮೇತ ಆ ನೀರನ್ನು ಚೆಲ್ಲಬೇಕು. ಇಲ್ಲಿ ‘ಬಸಿಯಿರಿ’ ಎನ್ನಬೇಡಿ. ಬಸ್ಸಾರು ಉಣ್ಣುವವರು ಬಸಿದ ನೀರನ್ನೇ ಎತ್ತಿಟ್ಟುಕೊಂಡಾರು! ಮೂಳೆ ತೊಳೆದು ನಾಲ್ಕು ಲೀಟರ್ ಹೊಸ ನೀರಿಟ್ಟ ಮೇಲೆ ಸಣ್ಣ ಉರಿ, ಓರೆ ಮುಚ್ಚಳ, ಅಂಚಿನಲ್ಲಿ ಒಂದೊಂದೇ ಗುಳ್ಳೆ, ಮೂರು ಗಂಟೆ. ಉರಿ ಜೋರಾದರೆ ಕೊಬ್ಬು ನೀರಿನೊಳಗೆ ಕಡೆದುಹೋಗಿ ಕಟ್ಟು ಹಾಲಿನಂತಾಗುತ್ತದೆ, ಸೋಸಿದರೂ ತಿಳಿಯಾಗದು. ಕೊನೆಯ ಒಂದು ಗಂಟೆಗೆ 400 ಗ್ರಾಂ ಮೂಲಂಗಿ, 30 ಗ್ರಾಂ ಒಣ ಸೀಗಡಿ, 20 ಗ್ರಾಂ ಕಲ್ಲುಸಕ್ಕರೆ, ಸುಟ್ಟ ಒಣ ಬೊಂಡಾಸ್ (ಸ್ಕ್ವಿಡ್) ಒಂದು. ಬೊಂಡಾಸ್ ಮೊದಲಿನಿಂದಲೂ ಬೆಂದರೆ ಅದರ ವಾಸನೆಯೇ ಮುಂದಾಗುತ್ತದೆ. ಉಪ್ಪು, ಮೀನಿನ ಸಾಸ್ ಇಳಿಸುವ ಹೊತ್ತಿಗೆ.

ಉತ್ತರ 2: ನಾನು ಒಪ್ಪುವುದಿಲ್ಲ. ಕಟ್ಟು ಬೇಳೆಕಾಳಿಗೆ ಅಂಟಿಕೊಂಡ ಪದ. ಮಾಂಸ ಬೇಯಿಸುವ ಮನೆಗಳಲ್ಲಿ ‘ಕಾಲು ಸೂಪು’ ಬಳಕೆಯಲ್ಲಿದೆ. ‘ಮೂಳೆ ಸೂಪು’ ಎಂದರೆ ಯಾರಿಗೂ ಗೊಂದಲವಿಲ್ಲ.

ಇದಕ್ಕಿಂತ ಎಚ್ಚರ ಬೇಕಾದದ್ದು ‘ಶಾವಿಗೆ’ ಪದಕ್ಕೆ. ನಮ್ಮ ಒತ್ತು ಶಾವಿಗೆ ಬಿಸಿ ಸೂಪಿನಲ್ಲಿ ಮುದ್ದೆಯಾಗುತ್ತದೆ. ಇದಕ್ಕೆ ಬೇಕಾದ ಒಣ ಎಳೆಯಲ್ಲಿ ಮರಗೆಣಸಿನ ಹಿಟ್ಟಿರುತ್ತದೆ, ಜಗಿದರೆ ಹಲ್ಲಿಗೆ ಎಳೆಯುತ್ತದೆ. ಹಾಗಾಗಿ ‘ಮರಗೆಣಸಿನ ನೂಡಲ್ಸ್’ ಎಂದೇ ಬರೆಯಿರಿ. ಅರ್ಧ ಗಂಟೆ ನೆನೆಸಿ, ಬೇರೆ ಪಾತ್ರೆಯ ಕುದಿನೀರಿನಲ್ಲಿ ಇಪ್ಪತ್ತು ಸೆಕೆಂಡು ಅದ್ದಿ ತೆಗೆದು, ಅಂಟದಂತೆ ಬೆಳ್ಳುಳ್ಳಿ ಎಣ್ಣೆಯಲ್ಲಿ ಹೊರಳಿಸಬೇಕು. ಸೂಪಿನಲ್ಲೇ ಬೇಯಿಸಿದರೆ ಗಂಜಿ ಬಿಟ್ಟು ಕದಡುತ್ತದೆ.

ಈ ಸೂಪಿಗೆ ಹಾಕುವ ಖೀಮಾವನ್ನು ‘ಹಾಕಿ ಬೇಯಿಸಿ’ ಅಂದರೆ ಉಂಡೆಗಟ್ಟುತ್ತದೆ. ‘ಆರಿದ ಸೂಪು ಒಂದು ಸೌಟು ಹಾಕಿ ಕದಡಿಕೊಂಡು, ಆಮೇಲೆ ಬಿಸಿ ಮಾಡಿ’ ಅನ್ನಿ. ಬೆಳ್ಳುಳ್ಳಿಗೂ ನಮ್ಮ ರೂಢಿಯ ‘ಕೆಂಪಗೆ ಹುರಿಯಿರಿ’ ಬೇಡ. ತಿಳಿ ಹೊಂಬಣ್ಣಕ್ಕೆ ತಿರುಗಿದೊಡನೆ ಸೋಸಿ ತೆಗೆಯಬೇಕು. ತನ್ನದೇ ಕಾವಿಗೆ ಆಮೇಲೂ ಕಪ್ಪಾಗುತ್ತಾ ಹೋಗುತ್ತದೆ, ಕೆಂಪಾಗುವವರೆಗೆ ಕಾದರೆ ಕಹಿ.